ತಾಯಿಯಿಲ್ಲದ ಜೇನುಗೂಡಿಗೆ ಹೊಸ ರಾಣಿಯನ್ನು ಕೊಡುವ ಕ್ರಮ

ಜೇನು ಸಾಕುವವರಿಗೆ ಬರುವ ನಷ್ಟಗಳಲ್ಲಿ ಒಂದು ಬಹಳ ಮೆಲ್ಲಗೆ ಬರುವದು. ಕಳ್ಳನು ಪೆಟ್ಟಿಗೆಯನ್ನು ಒಯ್ದರೆ ಮರುದಿನವೇ ತಿಳಿಯುವದು. ಇರುವೆ ಮುತ್ತಿದರೆ ಕಣ್ಣಿಗೆ ಕಾಣುವದು. ಆದರೆ ಗೂಡಿನೊಳಗೆ ರಾಣಿನೊಣ ಸತ್ತರೆ ಹೊರಗಿನಿಂದ ಏನೂ ತಿಳಿಯುವದಿಲ್ಲ. ನೊಣಗಳು ಎಂದಿನಂತೆ ಹೋಗಿ ಬರುತ್ತಿರುವವು. ಎರಡು ತಿಂಗಳಾದ ಮೇಲೆ ಮುಚ್ಚಳ ತೆಗೆಯುವವನಿಗೆ ಬರಿದಾದ ಎರಿಗಳೂ ಮೇಣದ ಹುಳುವಿನ ಬಲೆಯೂ ಮಾತ್ರ ಸಿಕ್ಕುವವು. ಒಂದೆರಡು ಪೆಟ್ಟಿಗೆಗಳನ್ನೇ ನಂಬಿರುವ ಬಡ ಕುಟುಂಬಕ್ಕೆ ಇದು ಕರೆಯುವ ಎಮ್ಮೆ ಸತ್ತಂತೆಯೇ. ಆದರೂ ಕಾಲ ಮೀರುವದರೊಳಗೆ ಹೊಸ ರಾಣಿಯನ್ನು ಕೊಟ್ಟರೆ ಗೂಡು ಉಳಿಯುವದು. ಕೊಡುವ ಕ್ರಮವನ್ನು ಅರಿಯದೆ ಕೊಟ್ಟರೆ ನೊಣಗಳು ಅದನ್ನು ಆ ಗಳಿಗೆಯಲ್ಲೇ ಕೊಂದುಹಾಕುವವು. ಆದದರಿಂದ ಈ ಪಾಠದಲ್ಲಿ ನಾವು ಆ ಕ್ರಮವನ್ನೂ ಅದರ ಕಾರಣವನ್ನೂ ವಿಚಾರಿಸೋಣ.

೧. ರಾಣಿ ಎಂಬದು ಏನು?

ರಾಣಿ ಎಂಬ ಹೆಸರನ್ನು ಕೇಳಿ, ಅದು ಗೂಡನ್ನು ಆಳುವ ಅರಸಿಯೆಂದು ನೆನಸಬಾರದು. ಅದು ಯಾರಿಗೂ ಅಪ್ಪಣೆ ಕೊಡುವದಿಲ್ಲ. ತನ್ನ ಆಹಾರವನ್ನು ಸಹ ಕೆಲಸದ ನೊಣಗಳ ಬಾಯಿಂದಲೇ ಪಡೆಯುವದು. ಅದು ಗೂಡಿನ ತಾಯಿ. ಪೂರ್ವದಲ್ಲಿ ಯೂರೋಪಿನವರು ಅದನ್ನು ಗಂಡೆಂದು ತಿಳಿದು ರಾಜನೆಂದು ಕರೆಯುತ್ತಿದ್ದರು. ೧೭ನೆಯ ಶತಮಾನದಲ್ಲಿ ಹಾಲೆಂಡ್ ದೇಶದ ಸ್ವಾಮರ್‌ಡಾಮ್ ಎಂಬ ಪಂಡಿತನು ಅದರ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದಿಂದ ನೋಡಿ, ಒಳಗಿದ್ದ ಅಂಡಾಶಯವನ್ನು ತೋರಿಸಿದ ಮೇಲೆ ಆ ತಪ್ಪು ತಿಳುವಳಿಕೆ ಹೋಯಿತು.

ಎರಿಯಲ್ಲಿರುವ ಆರು ಮೂಲೆಯ ಸಣ್ಣ ಮನೆಗೆ ಕಣವೆಂದು ಹೇಳುವೆವು. ರಾಣಿಯು ಒಂದೊಂದು ಕಣದಲ್ಲಿ ಒಂದೊಂದು ಮೊಟ್ಟೆಯನ್ನು ಇಡುವದು. ಹೂವು ತುಂಬಿದ ಕಾಲದಲ್ಲಿ ಸೀಮೆ ಜೇನಿನ ಒಳ್ಳೇ ರಾಣಿಯು ದಿನಕ್ಕೆ ೧,೦೦೦ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಮ್ಮ ನಾಡಿನ ತುಡುವೆ ಜೇನಿನ ರಾಣಿಯು ಅದಕ್ಕಿಂತ ಕಡಿಮೆ ಇಡುವದು. ಮೊಟ್ಟೆಯು ಮೂರು ದಿವಸಗಳಲ್ಲಿ ಒಡೆದು ಹುಳುವಾಗುವದು. ಸೀಮೆ ಜೇನಿನಲ್ಲಿ ಮೊಟ್ಟೆ ಇಟ್ಟ ದಿನದಿಂದ ೧೬ನೆಯ ದಿನಕ್ಕೆ ರಾಣಿಯೂ, ೨೧ನೆಯ ದಿನಕ್ಕೆ ಕೆಲಸದ ನೊಣವೂ, ೨೪ನೆಯ ದಿನಕ್ಕೆ ಗಂಡುನೊಣವೂ ಹೊರಬರುವವು. ರಾಣಿಯೂ ಕೆಲಸದ ನೊಣವೂ ಒಂದೇ ತರದ ಮೊಟ್ಟೆಯಿಂದ ಹುಟ್ಟುವವು. ತಿನ್ನಿಸಿದ ಆಹಾರದ ಭೇದದಿಂದ ಮಾತ್ರ ಒಂದು ತಾಯಿಯಾಗುವದು, ಮತ್ತೊಂದು ದುಡಿಯುವದು.

ಕೆಲಸದ ನೊಣವು ದುಡಿಮೆಯ ಕಾಲದಲ್ಲಿ ಸುಮಾರು ಆರು ವಾರ ಮಾತ್ರ ಬದುಕುವದು. ರಾಣಿಯು ಎರಡು ಮೂರು ವರುಷ ಬದುಕುವದು. ದಿನದಿನಕ್ಕೆ ಸಾಯುವವರ ಸ್ಥಳಕ್ಕೆ ದಿನದಿನಕ್ಕೆ ಹುಟ್ಟುವವರು ಬಂದರೆ ಮಾತ್ರ ಗೂಡು ನಿಲ್ಲುವದು. ತಾಯಿ ಹೋದರೆ ಹುಟ್ಟು ನಿಲ್ಲುವದು, ಸಾವು ಮಾತ್ರ ನಡೆಯುತ್ತಿರುವದು.

೨. ತಾಯಿ ಹೋದದ್ದನ್ನು ತಿಳಿಯುವದು ಹೇಗೆ?

ರಾಣಿಯು ಮುಪ್ಪಿನಿಂದ ಸಾಯಬಹುದು. ಎಳೆಯ ರಾಣಿಯು ಗಂಡುನೊಣಗಳನ್ನು ಕೂಡುವದಕ್ಕೆ ಆಕಾಶಕ್ಕೆ ಹಾರಿದಾಗ, ನೊಣ ಹಿಡಿದು ತಿನ್ನುವ ಹಸುರು ಹಕ್ಕಿಯ ಬಾಯಿಗೆ ಬೀಳಬಹುದು. ಅನೇಕ ಸಾರಿ ಪೆಟ್ಟಿಗೆ ನೋಡುವವನ ಅವಸರದ ಕೈಯಲ್ಲಿ ಎರಡು ಚೌಕಟ್ಟುಗಳ ನಡುವೆ ಸಿಕ್ಕಿ ಜಜ್ಜಿಹೋಗುವದೂ ಉಂಟು.

ಗುರುತುಗಳು ಯಾವವೆಂದರೆ: ತಾಯಿ ಇರುವ ಗೂಡನ್ನು ತೆರೆದರೆ ನೊಣಗಳು ಸಮಾಧಾನವಾಗಿ ಎರಿಯ ಮೇಲೆ ಇರುವವು. ತಾಯಿಯಿಲ್ಲದ ಗೂಡು ತೆರೆದ ಕೂಡಲೆ ನರಳುವ ಹಾಗೆ ದೀರ್ಘವಾಗಿ ಮೊರೆಯುವದು; ನೊಣಗಳು ಅತ್ತಿತ್ತ ಓಡಾಡುವವು. ಎರಿಯನ್ನು ಬಿಸಿಲಿಗೆ ಹಿಡಿದು ಕಣಗಳ ತಳವನ್ನು ನೋಡಿದರೆ ಮೊಟ್ಟೆ ಕಾಣುವದಿಲ್ಲ. ಎಳೆಯ ಹುಳುಗಳು ಉಳಿದಿದ್ದರೆ ನೊಣಗಳು ಅವುಗಳಲ್ಲಿ ಕೆಲವನ್ನು ಆರಿಸಿ, ಶೇಂಗಾಕಾಯಿಯಂತೆ ಕೆಳಗೆ ತೂಗುವ ರಾಣಿಕಣಗಳನ್ನು ಎರಿಯ ನಡುವೆ ಕಟ್ಟುವವು.

ರಾಣಿಯು ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದು ನಿಶ್ಚಯಿಸಬಾರದು. ಸಂದೇಹವಿದ್ದರೆ ಬೇರೆ ಗೂಡಿನಿಂದ ಮೊಟ್ಟೆಯೂ ಎಳೆಯ ಹುಳುಗಳೂ ಇರುವ ಒಂದು ಎರಿಯನ್ನು, ಮೇಲಿನ ನೊಣಗಳನ್ನು ಕೊಡವಿ, ಈ ಗೂಡಿನಲ್ಲಿ ಇಡತಕ್ಕದ್ದು. ಎರಡು ಮೂರು ದಿವಸಗಳಲ್ಲಿ ಅದರ ಮೇಲೆ ರಾಣಿಕಣ ಕಟ್ಟಿದರೆ ತಾಯಿ ಇಲ್ಲ; ಕಟ್ಟದಿದ್ದರೆ ಒಳಗೆ ಎಲ್ಲಿಯೋ ಇದೆ. ನಾವು ಊಹಿಸುವದಕ್ಕಿಂತ ನೊಣಗಳನ್ನೇ ಕೇಳುವದು ಲೇಸು.

ಹೀಗೆ ನೋಡುವದು ಚೌಕಟ್ಟಿನ ಪೆಟ್ಟಿಗೆಯಲ್ಲಿ ಮಾತ್ರ ಸಾಧ್ಯ. ಅಮೇರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಬೋಧಕರು ೧೮೫೧ರಲ್ಲಿ, ಎರಿಗಳ ಸುತ್ತಲು ಸುಮಾರು ೩/೮ ಅಂಗುಲದ ಸಂದು ಬಿಟ್ಟರೆ ನೊಣಗಳು ಅದನ್ನು ಮೇಣದಿಂದ ಮುಚ್ಚದೆ ದಾರಿಯಾಗಿ ಇಟ್ಟುಕೊಳ್ಳುವವೆಂದು ಕಂಡು, ಚೌಕಟ್ಟುಗಳನ್ನು ಎತ್ತಿ ಇಡಬಹುದಾದ ಪೆಟ್ಟಿಗೆಯನ್ನು ಮಾಡಿದರು. ದಕ್ಷಿಣ ಹಿಂದೂಸ್ಥಾನದ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದಾದದರಿಂದ, ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು ೧೯೧೦ರಲ್ಲಿ ಅದಕ್ಕೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ನಿರ್ಮಿಸಿದರು. ಅವರ ಹೆಸರಿನ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿದೆ. ಬನಶಂಕರಿಯ ಜಾತ್ರೆಗೆ ಬಾಗಿಲು ಚೌಕಟ್ಟುಗಳನ್ನು ಮಾಡಿ ತರುವ ಬಡಗಿಗಳ ಕೈಗೆ ಇಂಥ ಪೆಟ್ಟಿಗೆ ಕಷ್ಟದ ಕೆಲಸವಲ್ಲ. ಆದರೆ ಸಂದಿನ ಅಳತೆ ತಪ್ಪಬಾರದು.

೩. ಹೊಸ ರಾಣಿಯನ್ನು ನೊಣಗಳು ಯಾಕೆ ಕೊಲ್ಲುತ್ತವೆ?

ತಾಯಿಯಿಲ್ಲದವರಿಗೆ ತಾಯಿಯನ್ನು ಕೊಟ್ಟರೆ ಸಂತೋಷಪಡಬೇಕಲ್ಲವೇ, ಕೊಲ್ಲುವದೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ಸೀಮೆಯ ಕುರುಬರು ಬಲ್ಲರು. ಮರಿ ಸತ್ತ ಕುರಿಯ ಮುಂದೆ ತಬ್ಬಲಿ ಮರಿಯನ್ನು ಬಿಟ್ಟರೆ ಅದು ಮೂಸಿ ನೋಡಿ ಹಾಯುವದು. ಆದರೆ ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸಿ ಬಿಟ್ಟರೆ, ಆ ವಾಸನೆಯನ್ನು ಹಿಡಿದು ಕುರಿ ಮೊಲೆಗೊಡುವದು. ಕೆಲವು ದಿವಸಗಳಾದ ಮೇಲೆ ಚರ್ಮವನ್ನು ತೆಗೆದರೂ ಆ ಮರಿಯನ್ನು ಬಿಡುವದಿಲ್ಲ. ಜೇನುನೊಣಗಳ ಬಳಗವೂ ವಾಸನೆಯಿಂದಲೇ ನಡೆಯುವದು. ಕತ್ತಲೆಯ ಗೂಡಿನಲ್ಲಿ ಕಣ್ಣಿನಿಂದ ಗುರುತಿಸುವಂತಿಲ್ಲ. ನಮ್ಮವರ ವಾಸನೆ ಇದ್ದರೆ ನಮ್ಮವರು, ಇಲ್ಲದಿದ್ದರೆ ಕಳ್ಳರು.

ಇದನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವನು ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದಲ್ಲಿ ೧೭೫೦ರಲ್ಲಿ ಹುಟ್ಟಿದ ಫ್ರಾನ್ಸ್ವಾ ಹ್ಯೂಬರ್ ಎಂಬವನು. ಇವನು ಯೌವನದಲ್ಲೇ ಕಣ್ಣು ಕಳಕೊಂಡ ಕುರುಡನು. ಅವನ ಸೇವಕನಾದ ಬರ್ನನ್ಸ್ ನೋಡಿ ಹೇಳುವನು; ಹ್ಯೂಬರನು ಕೇಳಿ, ಯೋಚಿಸಿ, ಮುಂದೆ ಏನು ನೋಡತಕ್ಕದ್ದೆಂದು ಹೇಳಿಕೊಡುವನು. ಹೀಗೆ ಇಬ್ಬರೂ ಕೂಡಿ ಮಾಡಿದ ಪರೀಕ್ಷೆಗಳು ೧೭೯೨ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಅವರು ಕಂಡದ್ದೇನಂದರೆ, ರಾಣಿಯನ್ನು ತೆಗೆದ ಕೂಡಲೆ ಬೇರೆ ರಾಣಿಯನ್ನು ಬಿಟ್ಟರೆ ನೊಣಗಳು ಅದನ್ನು ಸುತ್ತುಗಟ್ಟಿ ಸೆರೆಹಿಡಿಯುವವು. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಬಿಟ್ಟರೆ ಒಳ್ಳೇದಾಗಿ ಸೇರಿಸಿಕೊಳ್ಳುವವು. ತಾಯಿ ಇಲ್ಲವೆಂದು ಗೂಡಿಗೆ ಅರಿವಾಗುವದಕ್ಕೆ ಅಷ್ಟು ಹೊತ್ತು ಬೇಕು.

ಇದರ ಕಾರಣವು ಇನ್ನೂ ಸ್ಪಷ್ಟವಾದದ್ದು ೨೦ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಬಟ್ಲರ್ ಎಂಬ ಶಾಸ್ತ್ರಜ್ಞನು ೧೯೫೪ರಲ್ಲಿ, ರಾಣಿಯ ಮೈಯಿಂದ ಒಂದು ದ್ರವ್ಯವು ಹೊರಡುವದೆಂದೂ ಅದನ್ನು ನೆಕ್ಕಿದ ನೊಣಗಳು ಬಾಯಿಂದ ಬಾಯಿಗೆ ಗೂಡಿನಲ್ಲೆಲ್ಲಾ ಹರಡುವವೆಂದೂ ತೋರಿಸಿದನು. ಈ ದ್ರವ್ಯದ ಮುಖ್ಯಾಂಶವು ರಾಣಿಯ ದವಡೆಯ ಗ್ರಂಥಿಯಲ್ಲಿ ಹುಟ್ಟುವದು. ಅದು ಸಿಕ್ಕುತ್ತಿರುವ ತನಕ ನೊಣಗಳು ಬೇರೆ ರಾಣಿಯನ್ನು ಬೆಳಸುವದಿಲ್ಲ. ಅದು ತಪ್ಪಿದರೆ ಕೆಲವು ತಾಸುಗಳಲ್ಲೇ ತಾಯಿ ಇಲ್ಲವೆಂದು ತಿಳಿಯುವವು.

೪. ಕೊಡುವ ಕ್ರಮ

ಹೊಸ ರಾಣಿಯು ಗೂಡಿನೊಳಗೆ ಇರಬೇಕು, ಆದರೆ ನೊಣಗಳ ಕೊಂಡಿ ಅದಕ್ಕೆ ತಗಲಬಾರದು. ವಾಸನೆ ಬೆರೆಯಬೇಕು, ಮೈ ಮುಟ್ಟಬಾರದು. ಇದಕ್ಕೆ ಉಪಾಯವು ಪಂಜರ. ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಮರದ ಗೂಡಿಗೆ ಒಂದು ಮಗ್ಗುಲಲ್ಲಿ ತಂತಿಜಾಲರಿಯನ್ನು ಬಡಿದು, ಒಂದು ತುದಿಯಲ್ಲಿ ನೊಣ ಹೊರಡುವಷ್ಟು ತೂತನ್ನು ಬಿಡತಕ್ಕದ್ದು. ನುಣ್ಣಗೆ ಬೀಸಿದ ಸಕ್ಕರೆಯನ್ನು ಸ್ವಲ್ಪ ಜೇನುತುಪ್ಪದಲ್ಲಿ ಹೋಳಿಗೆಯ ಕಣಕದಂತೆ ಗಟ್ಟಿಯಾಗಿ ನಾದಿ ಆ ತೂತಿಗೆ ತುಂಬತಕ್ಕದ್ದು. ತುಪ್ಪವು ರೋಗವಿಲ್ಲದ ಸ್ವಂತ ಗೂಡಿನದಾಗಿರಲಿ; ಪೇಟೆಯ ತುಪ್ಪದಿಂದ ರೋಗ ಬರುವ ಭಯ ಉಂಟು. ಕಣಕವು ಸಡಿಲವಾದರೆ ಕರಗಿ ರಾಣಿಯ ಮೈಗೆ ಅಂಟುವದು.

ಮೊದಲನೆಯದಾಗಿ, ಹಳೇ ರಾಣಿ ಇದ್ದರೆ ಹುಡುಕಿ ತೆಗೆಯಿರಿ. ಒಂದು ಗೂಡಿನಲ್ಲಿ ಇಬ್ಬರು ತಾಯಂದಿರನ್ನು ಸಾಮಾನ್ಯವಾಗಿ ನೊಣಗಳು ಸಹಿಸುವದಿಲ್ಲ. ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಬಿಡಿರಿ.

ಎರಡನೆಯದಾಗಿ, ಎಲ್ಲಾ ಎರಿಗಳನ್ನು ನೋಡಿ ಗೂಡು ತಾನೇ ಕಟ್ಟಿದ ರಾಣಿಕಣಗಳನ್ನು ಕಿತ್ತುಹಾಕಿರಿ. ಒಂದು ಉಳಿದರೂ ನೊಣಗಳು ಅದನ್ನೇ ನಂಬಿ ಹೊಸ ರಾಣಿಯನ್ನು ತಳ್ಳಿಬಿಡುವವು. ಎರಿಯನ್ನು ಕೊಡವಿ ಕಣಗಳನ್ನು ಹುಡುಕಬಾರದು. ಮೆಲ್ಲಗೆ ಊದಿ ನೊಣಗಳನ್ನು ಸರಿಸಿ ನೋಡತಕ್ಕದ್ದು.

ಮೂರನೆಯದಾಗಿ, ಸಂಜೆಯ ವೇಳೆಗೆ ಪಂಜರವನ್ನು ಮರಿಗಳಿರುವ ಎರಡು ಎರಿಗಳ ನಡುವೆ, ಜಾಲರಿಯು ನೊಣಗಳಿಗೆ ಸಿಕ್ಕುವ ಹಾಗೆ ಇಡಿರಿ. ಕಣಕದ ತುದಿ ಸ್ವಲ್ಪ ಮೇಲಕ್ಕಿರಲಿ. ರಾಣಿಯ ಸಂಗಡ ಬೇರೆ ಗೂಡಿನ ಸೇವಕ ನೊಣಗಳು ಬಂದಿದ್ದರೆ ಅವುಗಳನ್ನು ಮೊದಲೇ ತೆಗೆಯುವದು ಒಳ್ಳೇದು. ಹೂವು ಕಡಿಮೆಯಾದ ಕಾಲವಾದರೆ ಸಮಭಾಗ ಸಕ್ಕರೆ ನೀರು ಕೂಡಿಸಿದ ಪಾಕವನ್ನು ಗೂಡಿನೊಳಗೆ ಇಡಿರಿ; ಹೊಟ್ಟೆ ತುಂಬಿದ ಗೂಡು ಹೊಸಬರನ್ನು ಬೇಗ ಸೇರಿಸಿಕೊಳ್ಳುವದು.

ನಾಲ್ಕನೆಯದಾಗಿ, ಕಾದುಕೊಳ್ಳಿರಿ. ನೊಣಗಳು ಹೊರಗಿನಿಂದ ಕಣಕವನ್ನು ತಿನ್ನುತ್ತಾ ಎರಡರಿಂದ ನಾಲ್ಕು ದಿವಸಗಳಲ್ಲಿ ದಾರಿ ಬಿಡಿಸುವವು. ಅಷ್ಟರಲ್ಲಿ ರಾಣಿಯ ವಾಸನೆ ಗೂಡಿಗೂ ಗೂಡಿನ ವಾಸನೆ ರಾಣಿಗೂ ಹತ್ತಿರುವದು. ಈ ದಿವಸಗಳಲ್ಲಿ ನೋಡುವ ಆಶೆಯಿಂದ ಮುಚ್ಚಳ ತೆಗೆಯಬಾರದು. ಪೆಟ್ಟಿಗೆ ತೆರೆದಾಗ ಗೂಡು ಕಳವಳಪಡುವದು. ಕಳವಳಪಟ್ಟ ನೊಣಗಳು ಇನ್ನೂ ಪೂರಾ ಒಪ್ಪಿಕೊಳ್ಳದ ತಾಯಿಯ ಮೇಲೆ ಬೀಳುವವು. ತುಡುವೆಯಾದರೆ ಪದೇ ಪದೇ ಕಾಡಿದ ಗೂಡನ್ನೇ ಬಿಟ್ಟು ಹಾರಿಹೋಗುವ ಸ್ವಭಾವದ್ದು.

ಐದನೆಯದಾಗಿ, ಒಂದು ವಾರ ಕಳೆದ ಮೇಲೆ ಸ್ವಲ್ಪ ಹೊಗೆ ಕೊಟ್ಟು ತೆರೆದು ಮೊಟ್ಟೆ ಇದೆಯೋ ಎಂದು ಮಾತ್ರ ನೋಡಿರಿ. ಕಣದ ತಳದ ನಡುವೆ ಒಂದೊಂದೇ ಮೊಟ್ಟೆ ನಿಂತಿದ್ದರೆ ಕೆಲಸ ಕೈಗೂಡಿತು. ರಾಣಿಯನ್ನು ಹುಡುಕದೆ ಮುಚ್ಚಿರಿ.

ಒಂದು ವೇಳೆ ನೊಣಗಳು ಬಿಡುಗಡೆಯಾದ ರಾಣಿಯನ್ನು ಅಡಿಕೆಯಷ್ಟೋ ನಿಂಬೆಯಷ್ಟೋ ಗಾತ್ರದ ಉಂಡೆಯಾಗಿ ಸುತ್ತಿ ಅದುಮುತ್ತಿರುವದು ಕಂಡರೆ, ಕೈಯಿಂದ ಬಿಡಿಸಬಾರದು. ಆ ಉಂಡೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿದರೆ ನೊಣಗಳು ಚದರುವವು. ರಾಣಿಯನ್ನು ಎತ್ತಿ, ಮೈ ಆರಿದ ಮೇಲೆ ತಿರಿಗಿ ಪಂಜರದಲ್ಲಿಟ್ಟು ಇನ್ನೂ ಕೆಲವು ದಿವಸ ಕಾಯತಕ್ಕದ್ದು. ಪಂಜರದ ಮೇಲಿನ ನೊಣಗಳು ಜಾಲರಿಯನ್ನು ಕಚ್ಚಿ ಹಿಡಿದು, ಬೆರಳಿನಿಂದ ಸರಿಸಿದರೂ ಕದಲದಿದ್ದರೆ ಕೋಪವಿನ್ನೂ ಇದೆ. ಸಡಿಲವಾಗಿ ತಿರುಗಾಡುತ್ತಾ ನಾಲಿಗೆ ಚಾಚಿ ಉಣಿಸುತ್ತಿದ್ದರೆ ಸಮಾಧಾನವಾಗಿದೆ.

೫. ನಮ್ಮ ದೇಶದಲ್ಲಿ ನಡೆದ ಒಂದು ದೃಷ್ಟಾಂತ

ಸೀಮೆ ಜೇನು ಎಂದು ನಾವು ಕರೆಯುವ ಯೂರೋಪಿನ ಜಾತಿಯನ್ನು ಹಿಂದೂಸ್ಥಾನಕ್ಕೆ ತರಬೇಕೆಂದು ೧೯ನೆಯ ಶತಮಾನದಿಂದಲೇ ಹಲವರು ಪ್ರಯತ್ನಿಸಿದರೂ ಅದು ನೆಲೆಗೊಳ್ಳಲಿಲ್ಲ. ೧೯೬೨ರಿಂದ ೧೯೬೪ರೊಳಗೆ, ಆಗ ಪಂಜಾಬಿಗೂ ಈಗ ಹಿಮಾಚಲ ಪ್ರದೇಶಕ್ಕೂ ಸೇರಿದ ನಗ್ರೋಟಾ ಎಂಬ ಊರಿನಲ್ಲಿ ಅಟ್ವಾಲ್ ಎಂಬ ಕೀಟಶಾಸ್ತ್ರಜ್ಞರೂ ಅವರ ಜೊತೆಗಾರರೂ ಇದನ್ನು ಸಾಧಿಸಿದರು. ಮೊಟ್ಟೆ ಇಡುವ ಸೀಮೆ ರಾಣಿಗಳನ್ನು ತರಿಸಿ, ತಾಯಿಯನ್ನು ತೆಗೆದ ದೇಶೀ ತುಡುವೆ ಗೂಡುಗಳಿಗೆ ಕೊಟ್ಟರು. ಬೇರೆ ಜಾತಿಯ ನೊಣಗಳೇ ಆ ಪರದೇಶದ ತಾಯಿಯ ಮಕ್ಕಳನ್ನು ಉಣಿಸಿ ಬೆಳಸಿದವು. ಇಂದು ನಮ್ಮ ದೇಶದಲ್ಲಿ ಹರಡಿರುವ ಸೀಮೆ ಜೇನಿನ ಸಾಕಣೆಯು ಅಲ್ಲಿಂದ ಬೇರೂರಿತು. ಇದು ಪಂಡಿತರ ಪರೀಕ್ಷೆ. ನಮ್ಮ ವಾಚಕರು ತುಡುವೆಗೆ ತುಡುವೆಯ ರಾಣಿಯನ್ನೂ ಸೀಮೆ ಜೇನಿಗೆ ಅದರದೇ ರಾಣಿಯನ್ನೂ ಕೊಡತಕ್ಕದ್ದು. ಆದರೂ ಕ್ರಮವರಿತು ಕಾದರೆ ಜಾತಿಯ ಭೇದವನ್ನೂ ಗೂಡು ದಾಟಬಲ್ಲದೆಂಬದು ಇದರಿಂದ ತಿಳಿಯುವದು.

ಕರ್ನಾಟಕದಲ್ಲಿ ೧೯೯೧-೯೨ರಲ್ಲಿ ಥಾಯಿ ಚೀಲರೋಗವೆಂಬ ವ್ಯಾಧಿ ಬಂದು ಲೆಕ್ಕವಿಲ್ಲದಷ್ಟು ತುಡುವೆ ಗೂಡುಗಳು ಹಾಳಾದವು. ಅದರಲ್ಲಿ ಮರಿಹುಳುವು ಕಣದಲ್ಲೇ ಸತ್ತು ನೀರು ತುಂಬಿದ ಚೀಲದಂತಾಗುವದು. ಆಮೇಲೆ ಅನೇಕರು ಸೀಮೆ ಜೇನನ್ನು ಹಿಡಿದರು. ತುಡುವೆಯನ್ನೇ ಸಾಕುವವರು ರೋಗದ ನಡುವೆಯೂ ತಡೆದು ನಿಂತ ಗೂಡಿನಿಂದ ರಾಣಿಗಳನ್ನು ಬೆಳಸಿ ಬೇರೆ ಗೂಡುಗಳಿಗೆ ಕೊಡುವದು ಒಳ್ಳೇದು. ಎರಡು ತಿಂಗಳು ಕಳೆದರೆ ಹಳೇ ನೊಣಗಳು ಬಹುಮಟ್ಟಿಗೆ ಸತ್ತು, ಗೂಡೆಲ್ಲಾ ಹೊಸ ತಾಯಿಯ ಮಕ್ಕಳಿಂದ ತುಂಬಿರುವದು; ತಾಯಿಯನ್ನು ಬದಲಿಸಿದವನು ಗೂಡಿನ ಗುಣವನ್ನೇ ಬದಲಿಸಿದನು.

೬. ನಮ್ಮ ಸೀಮೆಗೆ ತಕ್ಕ ಕಾಲ

ಬನಶಂಕರಿ, ಬಾದಾಮಿ, ಹುನಗುಂದ, ಇಳಕಲ್ಲಗಳ ಸುತ್ತಲು ಸೂರ್ಯಕಾಂತಿಯೂ ದಾಳಿಂಬೆಯೂ ಬೆಳೆಯುವವು. ಸೂರ್ಯಕಾಂತಿಗೆ ನೊಣಗಳು ಬಾರದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚುವದೆಂದು ರೈತರು ಬಲ್ಲರು. ಹಾಗಾದರೆ ರಾಣಿ ಸತ್ತ ಪೆಟ್ಟಿಗೆಯ ನಷ್ಟವು ಜೇನುತುಪ್ಪದ್ದು ಮಾತ್ರವಲ್ಲ, ಹೊಲದ್ದೂ ಹೌದು.

ಇಲ್ಲಿ ಲೆಕ್ಕವನ್ನು ನೋಡಿರಿ. ಸೀಮೆ ಜೇನಿನ ಗೂಡು ತಾನೇ ರಾಣಿಯನ್ನು ಬೆಳಸಿಕೊಳ್ಳುವದಾದರೆ, ಎಳೆಯ ಹುಳುವಿನಿಂದ ರಾಣಿ ಹೊರಬರುವದಕ್ಕೆ ಸುಮಾರು ೧೨ ದಿವಸ. ಅದು ಬಲಿತು, ಹಾರಿ, ಗಂಡುಗಳನ್ನು ಕೂಡಿ, ಮೊಟ್ಟೆ ಇಡುವದಕ್ಕೆ ಇನ್ನೆರಡು ವಾರ. ಆ ಮೊಟ್ಟೆಯಿಂದ ಕೆಲಸದ ನೊಣ ಬರುವದಕ್ಕೆ ೨೧ ದಿವಸ. ಒಟ್ಟು ಏಳು ವಾರ. ಮೊಟ್ಟೆ ಇಡುವ ರಾಣಿಯನ್ನೇ ಕೊಟ್ಟರೆ ನಾಲ್ಕು ವಾರಗಳೊಳಗೆ ಹೊಸ ನೊಣಗಳು ಕಾಣುವವು. ಹೂವಿನ ಕಾಲ ಸಮೀಪವಾಗಿದ್ದರೆ ಈ ಮೂರು ವಾರಗಳ ಭೇದವೇ ಬೆಳೆಯ ಭೇದ. ಕಾಲ ದೂರವಿದ್ದು ಕೈಯಲ್ಲಿ ಹಣವಿಲ್ಲದವನು ಒಳ್ಳೇ ಗೂಡಿನಿಂದ ಮೊಟ್ಟೆಯ ಎರಿಯನ್ನು ಕೊಟ್ಟು, ಗೂಡೇ ತಾಯಿಯನ್ನು ಬೆಳಸಿಕೊಳ್ಳುವಂತೆ ಬಿಡಬಹುದು. ಆದರೆ ಆಗ ಊರಿನಲ್ಲಿ ಗಂಡುನೊಣಗಳು ಇರಬೇಕು.

ಹೂವು ತುಂಬಿದ ಕಾಲವೇ ರಾಣಿ ಕೊಡುವದಕ್ಕೆ ಉತ್ತಮ. ಮಳೆಗಾಲ ಮುಗಿದ ಮೇಲೆ ಹೊಲಗಳು ಹೂಬಿಡುವ ದಿವಸಗಳಿಂದ ಬನದ ಹುಣ್ಣಿಮೆಯ ಜಾತ್ರೆಯ ತನಕವೂ, ತರುವಾಯ ಬೇವೂ ಹೊಂಗೆಯೂ ಹೂಬಿಡುವಾಗಲೂ ಅನುಕೂಲವಿದೆ. ಬಿರುಬಿಸಿಲಿನಲ್ಲಿ ಹೂವೆಲ್ಲಾ ಬಾಡಿದಾಗ ನೊಣಗಳು ಕಳ್ಳತನಕ್ಕೂ ಜಗಳಕ್ಕೂ ಇಳಿಯುವವು. ಆಗ ಹೊಸಬರನ್ನು ಸೇರಿಸುವದು ಕಷ್ಟ. ಬಾಗಲಕೋಟೆಯಲ್ಲಿ ೨೦೦೮ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವು ಸ್ಥಾಪಿತವಾಗಿದೆ. ದಾಳಿಂಬೆಯ ತೋಟದವರು ಅಲ್ಲಿಗೆ ಹೋಗಿ ವಿಚಾರಿಸಲು ಸಂಕೋಚಪಡಬಾರದು.

೭. ಕಾಲ ಮೀರಿದ ಗೂಡು

ಬಹಳ ದಿವಸ ತಾಯಿಯೂ ಮರಿಗಳೂ ಇಲ್ಲದಿದ್ದರೆ ಕೆಲಸದ ನೊಣಗಳಲ್ಲಿ ಕೆಲವು ತಾವೇ ಮೊಟ್ಟೆ ಇಡಲಾರಂಭಿಸುವವು. ಸೀಮೆ ಜೇನಿನಲ್ಲಿ ಇದಕ್ಕೆ ಮೂರು ನಾಲ್ಕು ವಾರ ಹಿಡಿಯುವದು. ತುಡುವೆಯಲ್ಲಿ ಇನ್ನೂ ಬೇಗ. ಒಂದು ಕಣದಲ್ಲಿ ಎರಡು ಮೂರು ಮೊಟ್ಟೆಗಳು, ಅವೂ ತಳದಲ್ಲಿರದೆ ಗೋಡೆಗೆ ಅಂಟಿಕೊಂಡಿರುವದೇ ಗುರುತು. ಆ ನೊಣಗಳು ಗಂಡನ್ನು ಕೂಡದವುಗಳಾದದರಿಂದ ಆ ಮೊಟ್ಟೆಗಳಿಂದ ದುಡಿಯದ ಗಂಡುನೊಣಗಳು ಮಾತ್ರ ಹುಟ್ಟುವವು. ಇಂಥ ಗೂಡಿಗೆ ತಮ್ಮಲ್ಲೇ ತಾಯಿ ಇದೆಯೆಂಬ ಭ್ರಮೆ ಇರುವದರಿಂದ ಕೊಟ್ಟ ರಾಣಿಯನ್ನು ಹೆಚ್ಚಾಗಿ ಕೊಲ್ಲುವದು. ಬೆಲೆಯುಳ್ಳ ರಾಣಿಯನ್ನು ಅಲ್ಲಿ ಕಳೆಯಬೇಡಿರಿ. ಬಲವಾದ ಬೇರೆ ಗೂಡುಗಳಿದ್ದರೆ ಆ ನೊಣಗಳನ್ನು ದೂರದಲ್ಲಿ ಕೊಡವಿ ಪೆಟ್ಟಿಗೆಯನ್ನು ತೆಗೆದಿಡಿರಿ; ಬಹಳಷ್ಟು ನೊಣಗಳು ನೆರೆಯ ಗೂಡುಗಳಲ್ಲಿ ಸೇರಿಕೊಳ್ಳುವವು. ಈ ಸ್ಥಿತಿಗೆ ಬಾರದಂತೆ ಹದಿನೈದು ದಿವಸಕ್ಕೊಮ್ಮೆ ಮೊಟ್ಟೆ ಇದೆಯೋ ಎಂದು ನೋಡುವವನೇ ಜಾಣನು.

ಪ್ರಿಯ ವಾಚಕರೇ, ಈ ಕೆಲಸಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ: ಒಂದು ಸಣ್ಣ ಪಂಜರ, ಒಂದು ಹಿಡಿ ಸಕ್ಕರೆಯ ಕಣಕ. ಉಳಿದದ್ದೆಲ್ಲಾ ತಾಳ್ಮೆ. ತಾಯಿ ಇಲ್ಲವೆಂದು ಗೂಡು ಅರಿಯುವ ತನಕ ಒಂದು ದಿವಸ, ಹೊಸ ತಾಯಿಯನ್ನು ತನ್ನದೆಂದು ತಿಳಿಯುವ ತನಕ ಕೆಲವು ದಿವಸ, ಮೊಟ್ಟೆ ಕಾಣುವ ತನಕ ಒಂದು ವಾರ. ಈ ದಿವಸಗಳನ್ನು ನಾವು ಗೂಡಿಗೆ ಕೊಟ್ಟರೆ ಉಳಿದ ಕೆಲಸವನ್ನು ನೊಣಗಳೇ ಮಾಡಿಕೊಳ್ಳುವವು.

ಕೂಡಿ ಓದುವವರಿಗೆ ಪ್ರಶ್ನೆಗಳು

೧. ರಾಣಿಯನ್ನು ಗೂಡಿನ ತಾಯಿ ಎಂದು ಯಾಕೆ ಹೇಳುತ್ತೇವೆ?
೨. ರಾಣಿ ಕಣ್ಣಿಗೆ ಬೀಳದಿದ್ದಾಗ, ಅದು ಇದೆಯೋ ಇಲ್ಲವೋ ಎಂದು ನೊಣಗಳಿಂದಲೇ ತಿಳಿಯುವದು ಹೇಗೆ?
೩. ಕುರುಬರು ತಬ್ಬಲಿ ಮರಿಯನ್ನು ಕುರಿಗೆ ಹೊಂದಿಸುವದಕ್ಕೂ ಪಂಜರದ ಉಪಾಯಕ್ಕೂ ಇರುವ ಹೋಲಿಕೆ ಏನು?
೪. ಪಂಜರ ಇಟ್ಟ ಮೇಲೆ ಒಂದು ವಾರ ಮುಚ್ಚಳ ತೆಗೆಯಬಾರದೇಕೆ?
೫. ನಿಮ್ಮ ಊರಿನಲ್ಲಿ ಯಾವ ತಿಂಗಳಲ್ಲಿ ಯಾವ ಗಿಡಗಳು ಹೂಬಿಡುತ್ತವೆಂದು ಪಟ್ಟಿ ಮಾಡಿ, ರಾಣಿ ಕೊಡುವದಕ್ಕೆ ಯಾವ ತಿಂಗಳು ತಕ್ಕದ್ದೆಂದು ಗೊತ್ತುಮಾಡಿರಿ.